ಮುದ್ದೆ ಅಗಿಯೋನು

ಆಗಸ್ಟ್ 18, ಸೋಮವಾರ. ಬೆಳಿಗ್ಗೆ

ಪುಡಿ ಕಲಸಿದ ಹಾಲು ಕುಡಿದೆ. ಕುಡಿದೆ ಅನ್ನೋದು ದೊಡ್ಡ ಮಾತು. ಬೆಕ್ಕಿನ ಹಾಗೆ ನೆಕ್ಕಿದೆ. ಒಂದು ಗುಟುಕು, ಆಮೇಲೆ ಸುಮ್ಮನೆ ಗೋಡೆ ನೋಡೋದು, ಇನ್ನೊಂದು ಗುಟುಕು. ವೆನಿಲಾ ಅಂತೆ. ಸುಣ್ಣದ ನೀರಿಗೆ ಸಕ್ಕರೆ ಹಾಕಿದಂಗಿದೆ.

ಆಸ್ಪತ್ರೆ ಡಯಟ್ ಹುಡುಗಿ ಹೇಳಿದ್ಲು, ಅಂಕಲ್, ದಿನಾ ಏನೇನ್ ತಿಂತೀರೋ ಬರೆದಿಡಿ ಅಂತ. ನಾನು ತಿನ್ನೋದು ಅರ್ಧ ಸಾಲಿಗೆ ಮುಗಿದೋಗುತ್ತೆ. ಮಿಕ್ಕಿದ ಹಾಳೆ ಯಾಕೆ ದಂಡ? ಅದಕ್ಕೇ ತಿನ್ನದೇ ಇದ್ದದ್ದನ್ನೆಲ್ಲ ಬರೀತೀನಿ. ಓದಿದ್ದು ನಮ್ಮ ಮಾಗಡಿ ರಸ್ತೆ ಕಡೆಯ ಉಲ್ಲಾಳದ ಸರ್ಕಾರಿ ಶಾಲೆಲಿ, ಏಳನೇ ಕ್ಲಾಸು. ಅಕ್ಷರ ಮಾತ್ರ ಮುತ್ತು. ಮೇಷ್ಟ್ರೇ ಹೇಳಿದ್ರು. ಹೇಳ್ಲಿಲ್ಲ ಅಂದ್ರೂ ಹೇಳ್ಬೇಕಿತ್ತು.

ಆಪರೇಷನ್ ಆಗಿ ಆರು ತಿಂಗಳ ಮೇಲಾಯ್ತು. ಹೊಟ್ಟೆ ಚೀಲದಲ್ಲಿ ಮುಕ್ಕಾಲು ಪಾಲು ಕುಯ್ದು ತೆಗೆದು, ಉಳಿದಿದ್ದನ್ನ ಬಾಳೆಹಣ್ಣಿನ ಗಾತ್ರಕ್ಕೆ ಹೊಲಿದವ್ರೆ. ಡಾಕ್ಟ್ರಲ್ಲ, ಒಳ್ಳೆ ಟೈಲರ್ರು.

ಇವತ್ತು ಬಗ್ಗಿ ಶೂ ಲೇಸ್ ನಾನೇ ಕಟ್ಕೊಂಡೆ. ಎರಡು ಕಾಲಿಗೂ. ಕಟ್ಟಿ, ಬಿಚ್ಚಿ, ಇನ್ನೊಂದು ಸಲ ಕಟ್ಟಿದೆ. ನನ್ನ ಹೆಂಡ್ತಿ ಮುನಿಲಕ್ಷ್ಮಿ ಬಾಗಿಲಲ್ಲಿ ನಿಂತು ನೋಡ್ತಿದ್ಲು. 'ಸ್ಕೂಲಿಗೆ ಹೊತ್ತಾಯ್ತು, ಹೊರಡಿ' ಅಂದ್ಲು.

ಕೆರೆ ಸುತ್ತ ವಾಕಿಂಗು. ಅಲ್ಲಿ ಎಲ್ರಿಗೂ ಆಶ್ಚರ್ಯ. 'ಕೆಂಚಪ್ಪನೋರೆ, ಹೆಂಗ್ರೀ ಇಷ್ಟು ಇಳಿದ್ರಿ?' ನಂದು ಒಂದೇ ಪಲ್ಲವಿ. 'ವಾಕಿಂಗ್ ಕಣ್ರೀ. ಬರೀ ವಾಕಿಂಗು. ಮನಸ್ಸು ಗಟ್ಟಿ ಇರ್ಬೇಕು ಅಷ್ಟೆ.' ಈಗ ನನ್ನ ಹಿಂದೆ ಒಂದು ಗುಂಪೇ ನಡೀತದೆ. ಮುಂದೆ ನಾನು, ದೇವರ ಮೆರವಣಿಗೆ ತಮಟೆಯೋನ ಹಂಗೆ.

ನಿಜ ಗೊತ್ತಿರೋದು ಮನೆಯೋರಿಗೆ ಮಾತ್ರ. ಇವಳಿಗೆ, ಮಗ ಯೋಗಾನಂದಂಗೆ, ಮಗಳು ಸ್ಪಂದನಂಗೆ.

ಆಗಸ್ಟ್ 24, ಭಾನುವಾರ

ಬೀಗರು ಬಂದಿದ್ರು. ಗಂಗಹನುಮಯ್ಯ, ಹೆಗ್ಗನಹಳ್ಳಿಯೋರು. ಅವರ ಮಗ ಶಿವಕಿರಣಂಗೆ ನಮ್ಮ ಸ್ಪಂದನನ್ನ ಕೊಡ್ತಿರೋದು. ನವೆಂಬರಲ್ಲಿ ಮದುವೆ. ಬೀಗರು ಆಳು ಆನೆಮರಿ. ಸೋಫಾ ಕಿರ್ರ್ ಅಂತು. ಆ ಸದ್ದು ಕೇಳಿ ನನಗೆ ಹಳೇ ಸ್ನೇಹಿತ ಬಂದಂಗಾಯ್ತು.

'ಏನ್ ಬೀಗ್ರೆ, ನಿಶ್ಚಿತಾರ್ಥದಲ್ಲಿ ನೋಡಿದ್ದು ನಿಮ್ಮನ್ನೋ, ನಿಮ್ಮಣ್ಣನ್ನೋ?'

'ವಾಕಿಂಗ್ ಬೀಗ್ರೆ.'

'ನಾನೂ ಶುರು ಮಾಡಿದೀನಿ ರೀ. ನೀವು ಫೋನಲ್ಲಿ ಹೇಳಿದ್ಮೇಲೆ. ದಿನಾ ಸುಂಕದಕಟ್ಟೆ ತನಕ. ಮಂಡಿ ಚಿಪ್ಪು ಕಿತ್ತು ಕೈಗೆ ಬರ್ತದೆ, ತೂಕ ಮಾತ್ರ ಕದಲ್ತಿಲ್ಲ.'

'ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಅಂದೆ. ಒಳಗೆ ಇವಳು ಲೋಟ ಕುಕ್ಕಿದ ಸದ್ದು.

ಹೋಗೋವಾಗ ಬಾಂಬ್ ಹಾಕಿ ಹೋದ್ರು. 'ಬೀಗರೂಟಕ್ಕೆ ನಮ್ಮೂರೆಲ್ಲ ಕಾಯ್ತಾವ್ರೆ. ಉಲ್ಲಾಳದ ಬೀಗರು ಮುದ್ದೆ ಮೇಲೆ ಮುದ್ದೆ ಹೆಂಗ್ ಇಳಿಸ್ತಾರೆ ನೋಡ್ಬನ್ರೋ ಅಂತ ಎಲ್ರಿಗೂ ಹೇಳ್ಬಿಟ್ಟಿದೀನಿ.'

ತಪ್ಪು ಅವರದಲ್ಲ. ನಿಶ್ಚಿತಾರ್ಥದ ದಿನ ಎದೆ ತಟ್ಕೊಂಡು ಹೇಳಿದ್ದು ನಾನೇ: 'ಹಂಡೆ ದೊಡ್ಡದು ಇಡ್ಸಿ ಬೀಗ್ರೆ, ತಳ ಕಾಣಿಸ್ತೀನಿ.' ಅದೇ ದಿನ ಇನ್ನೊಂದೂ ಆಗಿತ್ತು. ಮಣೆ ಮೇಲೆ ಕೂರಕ್ಕಾಗದೆ ಪ್ಲಾಸ್ಟಿಕ್ ಚೇರಲ್ಲಿ ಕೂತಿದ್ದೆ. ಅದರ ಕಾಲು ನಾಲ್ಕೂ ಕಡೆ ಬಾಗ್ತಿತ್ತು. ಪುರೋಹಿತರು ಮೆತ್ತಗೆ ಅಂದ್ರು, 'ಧಾರೆಗೆ ಮಣೆ ಮೇಲೆ ಕೂರ್ಬೇಕು, ಅಳಿಯನ ಕಾಲು ತೊಳೀಬೇಕು ಯಜಮಾನ್ರೆ. ಆಗ್ದಿದ್ರೆ ನಿಮ್ಮ ತಮ್ಮ ಕೂರ್ಲಿ.' ನನ್ನ ಮಗಳಿಗೆ ಅವನು ಧಾರೆ ಎರೀಬೇಕಾ? ಶುಗರ್ರು, ಮಂಡಿ ನೋವು ಅಂತ ಡಾಕ್ಟ್ರು ವರ್ಷಗಟ್ಟಲೆ ಹೇಳಿದ್ರೂ ಕೇಳದೋನು ಅದೇ ವಾರ ಆಸ್ಪತ್ರೆಗೆ ಹೋದೆ.

ಮಣೆ ಮೇಲೆ ಈಗ ಕೂರಬಹುದು. ಎಲೆ ಮುಂದೆ ಕೂರೋದು ಹೆಂಗೆ?

ಆಗಸ್ಟ್ 25

ತಲೆ ಕೆಟ್ಟಿದೆ. ಬೀಗರೂಟದ ಪಂಕ್ತೀಲಿ ಮೊದಲನೇ ಎಲೆ ಹೆಣ್ಣಿನ ಅಪ್ಪಂದು. ಅವನು ತುತ್ತು ಎತ್ತಿದ ಮೇಲೇ ಮಿಕ್ಕೋರು ಎತ್ತೋದು. ಅವನು ಎಲೆ ಮಡಚಿದ ಅಂದ್ರೆ ಮುಗೀತು, ಪಂಕ್ತಿ ಪೂರ್ತಿ ಏಳ್ಬೇಕು, ಬಾಯಲ್ಲಿ ತುತ್ತಿದ್ರೂ. ಬೇರೆ ಕಡೆ ಈ ಪದ್ಧತಿ ಸಡಿಲ ಆಗಿದೆ. ಬೀಗರ ಮನೇಲಿ ಇನ್ನೂ ಗಟ್ಟಿ.

ನಮ್ಮ ಸೋದರತ್ತೆ ಪಟಾಲಮ್ಮನ ಬೀಗರೂಟದಲ್ಲಿ ತಾತಂಗೆ ಹೊಟ್ಟೆ ಕಿವುಚಿ ಅರ್ಧಕ್ಕೆ ಎದ್ದುಬಿಟ್ಟಿದ್ದ. ಪಂಕ್ತಿಯೋರೆಲ್ಲ ಹಸಿದು ಎದ್ರು. ಅತ್ತೆ ಮುದುಕಿ ಆದ್ಮೇಲೂ ಅವರ ಓರಗಿತ್ತೀರು ಆಡ್ಕೊಳ್ಳೋರು, 'ನಿಮ್ಮಪ್ಪಂಗೆ ನಮ್ಮನೆ ಉಪ್ಪು ಹಿಡಿಸಲಿಲ್ಲ, ನಿನಗೆ ಹೆಂಗೆ ಹಿಡಿಸ್ತದೆ' ಅಂತ. ಸ್ಪಂದನಂಗೆ ಆ ಮಾತು ಬರಬಾರದು.

ಇವಳು ಹೇಳ್ತಾಳೆ, 'ನಿಜ ಹೇಳ್ಬಿಡಿ.' ಹೆಂಗೆ ಹೇಳೋದು? ಮದುವೆ ಮುಂದಿಟ್ಕೊಂಡು ಹೊಟ್ಟೆ ಕುಯ್ಸಿಕೊಂಡವ್ನೆ ಅಂದ್ರೆ, ಏನ್ ಖಾಯಿಲೆಯೋ, ಆ ವಂಶಕ್ಕೆಲ್ಲ ಇದೆಯೋ ಏನೋ ಅಂತಾರೆ. ಅದೂ ಅಲ್ದೆ... ವಾಕಿಂಗ್ ಗುರುಗಳ ಗತಿ?

ಸೆಪ್ಟೆಂಬರ್ 21, ಭಾನುವಾರ. ಮಹಾಲಯ ಅಮಾವಾಸ್ಯೆ

ಅಪ್ಪಂಗೆ, ಅವ್ವಂಗೆ ಎಡೆ ಇಟ್ವಿ. ಮಟನ್ ಸಾರು, ಮುದ್ದೆ, ವಡೆ, ಕಡುಬು. ಬಾಗಿಲು ಮುಂದೆ ಮಾಡಿ ಎಲ್ರೂ ಹೊರಗೆ ನಿಂತ್ವಿ. ಸತ್ತೋರು ಬಂದು ತಿನ್ನೋ ಹೊತ್ತು. ನನಗೆ ಅವರ ಮೇಲೆ ಹೊಟ್ಟೆಕಿಚ್ಚು.

ಅವ್ವ ಹಿಟ್ಟು ತಿರುವೋದು ಕಣ್ಮುಂದೆ ಬಂತು. ಮಡಕೆಯನ್ನ ಎರಡು ಪಾದದಲ್ಲಿ ಒತ್ತಿ ಹಿಡಿದು, ಕೋಲು ಎರಡೂ ಕೈಲಿ ಹಿಡಿದು ಗುರ್ರ್ ಗುರ್ರ್ ಅಂತ. ಹಣೆ ಬೆವರು ತೋಳಲ್ಲಿ ಒರೆಸ್ಕೊಂಡು ಒದ್ದೆ ಮರದ ಹಲಗೆ ಮೇಲೆ ಉಂಡೆ ಕಟ್ಟೋಳು. ಆ ಹೊಗೆ ವಾಸನೆ, ಆ ರಾಗಿ ವಾಸನೆ. ಹುರುಳಿಕಾಳಿನ ಸಾರಿನ ಪಾತ್ರೆ ಮುಚ್ಚಳ ತೆಗೆದ್ರೆ ಹೊಲದಲ್ಲಿರೋ ಅಪ್ಪಂಗೆ ಗೊತ್ತಾಗೋದು. ಆ ಹೊಲದಲ್ಲಿ ಈಗ ಪಿಜಿ, ಬೇಕರಿ, ಜೆರಾಕ್ಸ್ ಅಂಗಡಿ. ಕಣ ಇದ್ದ ಕಡೆ ಬಸ್ ನಿಲ್ಲುತ್ತೆ.

ಸಣ್ಣೋನಿದ್ದಾಗ ಒಂದಿನ ಮುದ್ದೆ ಅಗಿದೆ. ಅವ್ವ ತಲೆ ಮೇಲೆ ಮೊಟಕಿದ್ಲು. 'ಅಗಿಯಕ್ಕೇನ್ಲಾ ಅದು ಕಬ್ಬಾ? ಮುರಿ, ಅದ್ದು, ಬಿಡು ಗಂಟಲಿಗೆ. ಹಲ್ಲಿಗೆ ತಾಗಬಾರದು.' ಅವತ್ತಿನಿಂದ ನಾನು ನುಂಗೋದ್ರಲ್ಲಿ ಯಾರಿಗೂ ಬಿಟ್ಟುಕೊಟ್ಟೋನಲ್ಲ. ಪ್ಯಾಟೆಯೋರು ಯಾರಾದ್ರೂ ಮುದ್ದೆ ಅಗಿದ್ರೆ ಎಷ್ಟು ನಗ್ತಿದ್ದೆ. ಮೇವು ಹಾಕ್ರೋ ಅಂತ ಕೂಗ್ತಿದ್ದೆ.

ಡಯಟ್ ಹುಡುಗಿ ಹೇಳಿದ್ದು: 'ಅಂಕಲ್, ಏನೇ ತಿಂದ್ರೂ ನೀರಾಗೋ ತನಕ ಅಗೀರಿ. ಮುದ್ದೆ ಅಂತೂ ನುಂಗ್ಲೇಬೇಡಿ. ಸಿಕ್ಕಾಕೊಳ್ಳುತ್ತೆ.'

ಎಡೆ ಎತ್ತಿದ ಮೇಲೆ ನೆಲ್ಲಿಕಾಯಿ ಗಾತ್ರದ ಮುದ್ದೆ ಕೊಟ್ಲು ಇವಳು. ಅಗಿದೆ. ಅವ್ವನ ಫೋಟೋ ಕಡೆ ಬೆನ್ನು ಮಾಡ್ಕೊಂಡು ಅಗಿದೆ.

ಅಕ್ಟೋಬರ್ 12

ಕೂದಲು ಉದುರ್ತಾ ಇದೆ. ಬಾಚಣಿಗೆ ತುಂಬ. ಉಂಗುರ ಬೆರಳಿಂದ ಜಾರಿ ಬಕೆಟ್ಟಲ್ಲಿ ಸಿಕ್ತು. ಕತ್ತಿನ ಚರ್ಮ ಟರ್ಕಿ ಕೋಳಿ. ವಿಜಯನಗರದ ಟೈಲರ್ ನನ್ನ ಹಳೇ ಶರ್ಟು ನೋಡಿ, 'ಇದರಲ್ಲಿ ಎರಡು ಆಗುತ್ತೆ ಸಾರ್' ಅಂದ.

ಆದ್ರೆ ಬಸ್ಸಲ್ಲಿ ಪಕ್ಕದ ಸೀಟು ಖಾಲಿ ಉಳಿಯಲ್ಲ ಈಗ. ಜನ ಬಂದು ಕೂರ್ತಾರೆ. ಮುಂಚೆ ನನ್ನ ನೋಡಿ ನಿಂತ್ಕೋತಿದ್ರು. ಅದು ಗೊತ್ತೇ ಇಲ್ದಂಗೆ ಇಷ್ಟು ವರ್ಷ ಕಿಟಕಿ ಕಡೆ ನೋಡ್ತಿದ್ದೆ.

ಗೊರಕೆ ನಿಂತಿದೆ. ಅದರಿಂದ ಇವಳಿಗೆ ನಿದ್ದೆ ಇಲ್ಲವಂತೆ. ಸದ್ದಿಲ್ಲ ಅಂತ ಎದ್ದು ಮೂಗಿನ ಹತ್ರ ಕೈ ಇಟ್ಟು ನೋಡ್ತಾಳೆ. 'ಇದೀನಿ ಕಣೇ' ಅಂದೆ ಮೊನ್ನೆ. 'ಇದ್ರೆ ಸರಿ' ಅಂತ ಮಗ್ಗುಲಾದ್ಲು.

ನವೆಂಬರ್ 9, ಭಾನುವಾರ

ರಿಹರ್ಸಲ್ ನಡೀತು. ಡೈನಿಂಗ್ ಟೇಬಲ್ ಸರಿಸಿ ನೆಲದ ಮೇಲೆ ಎಲೆ. ಪ್ಲಾನ್ ಹೀಗೆ: ಎಡಕ್ಕೆ ಯೋಗಾನಂದ ಕೂರ್ತಾನೆ. ನಾನು ಮಾತಾಡ್ತಾ ಕೈ ಬೀಸ್ತೀನಿ. ಎಲ್ರೂ ಬಾಯಿ ನೋಡೋವಾಗ ಮುದ್ದೆ ಅವನ ಎಲೆಗೆ. ತೊಡೆ ಮೇಲೆ ಟವಲ್ಲು, ಟವಲ್ ಒಳಗೆ ಪ್ಲಾಸ್ಟಿಕ್ ಕವರ್ರು, ಅದಕ್ಕೆ ಮಾಂಸ.

'ಅಪ್ಪ, ನಾನು ಎರಡಾಳಿನ ಊಟ ಹೆಂಗ್ ಮಾಡ್ಲಿ?' ಅಂದ ಯೋಗಾನಂದ. ಜಿಮ್ ಬಾಡಿ. ಒಂದು ಮುದ್ದೆಗೆ ಸುಸ್ತು.

'ನನ್ನ ಮಗ ಅಂತ ಹೇಳ್ಕೋಬೇಡ.'

ಸ್ಪಂದನ ಬಂದು ನಿಂತ್ಲು. ನಕ್ಕು ಸಾಕಾಗಿ, ನನ್ನ ತೊಡೆ ಮೇಲಿನ ಟವಲ್ ತೆಗೆದು ಮಡಚಿದ್ಲು. 'ಅಪ್ಪ, ಇದೆಲ್ಲ ಯಾಕೆ? ನಾನೇ ಅತ್ತೆಗೆ ಹೇಳ್ತೀನಿ.'

'ಹೇಳಿದ್ರೆ ನನ್ನಾಣೆ.'

'ನಿನ್ನಾಣೆಗೆಲ್ಲ ಈಗ ತೂಕ ಇಲ್ಲ' ಅಂತ ಹೋದ್ಲು. ಬಾಯಿ ನಂದೇ.

ನವೆಂಬರ್ 23, ಭಾನುವಾರ. ಛತ್ರದಿಂದ ಬಂದ ಮೇಲೆ

ಕೂತೆ. ಮಣೆ ಮೇಲೆ, ಚಕ್ಕಂಬಕ್ಕಳ ಹಾಕ್ಕೊಂಡು ಕೂತೆ. ಪುರೋಹಿತರ ಮಂತ್ರ ಮುಗಿಯೋ ತನಕ ಅಲ್ಲಾಡ್ಲಿಲ್ಲ. ಅಳಿಯನ ಕಾಲು ತೊಳೆಯೋಕೆ ಬಗ್ಗಿದೆ, ಯಾರೂ ಹಿಡ್ಕೊಳ್ಳಲಿಲ್ಲ. ಧಾರೆ ಎರೆದೆ. ಸ್ಪಂದನ ಕೈ ನನ್ನ ಕೈ ಕೆಳಗೆ. ಹಾಲು ಇಬ್ಬರ ಬೆರಳ ಮೇಲೂ ಹೋಯ್ತು.

ತಮ್ಮ ದೂರ ನಿಂತಿದ್ದ. ನೋಡ್ಲಿ ಅಂತ ಬೇಕಂತ್ಲೇ ಒಂದ್ಸಲ ಎದ್ದು ಮತ್ತೆ ಕೂತೆ.

ಇದಕ್ಕೆ ಇನ್ನೊಂದ್ಸಲ ಕುಯ್ಸಿಕೋ ಅಂದ್ರೂ ಕುಯ್ಸಿಕೋತೀನಿ.

ನವೆಂಬರ್ 25

ನಾಳೆ ಬೀಗರೂಟ. ಮನೆ ಬಿಕೋ ಅಂತಿದೆ. ಇವಳು ಸ್ಪಂದನ ರೂಮಿನ ದೀಪ ಹಾಕೋದು, ಆರಿಸೋದು.

ನಮ್ಮ ಬೀಗರೂಟ ಜ್ಞಾಪಕ ಬಂತು. ಶ್ರೀಗಂಧದ ಕಾವಲಲ್ಲಿ, ನಮ್ಮ ದೊಡ್ಡಪ್ಪನ ಹೊಲದಲ್ಲಿ ಚಪ್ಪರ. ನಾನು ಹೊಸ ಅಳಿಯ, ಬಲಕ್ಕೆ ಮಾವ. ಬಡಿಸೋರು ಸುಸ್ತಾಗಿ ಬಕೆಟ್ ನನ್ನ ಮುಂದೇ ಇಟ್ಟು ಹೋದ್ರು. ಮಾವ ಮೀಸೆ ತಿರುವ್ತಿದ್ರು, ತಿಂತಿರೋದು ಅವರೇ ಏನೋ ಅನ್ನೋ ಹಂಗೆ.

ಇವಳಿಗೆ ಜ್ಞಾಪಕ ಇದೆಯಾ ಅಂತ ಕೇಳಿದೆ. 'ಗರಿ ಸಂದಿಯಿಂದ ನೋಡ್ತಿದ್ದೆ. ನಮ್ಮವ್ವ ಅಳ್ತಿದ್ಲು, ಇವನಿಗೆ ಬೇಯ್ಸಿ ಹಾಕಿ ನನ್ನ ಮಗಳ ಕೈ ಬಿದ್ದೋಗ್ತದೆ ಅಂತ. ನನಗೆ ಮಾತ್ರ...' ಅಂದು ನಿಲ್ಲಿಸಿದ್ಲು.

'ಏನ್ ಮಾತ್ರ?'

'ಏನಿಲ್ಲ. ಖುಷಿಯಾಗಿತ್ತು. ಮಲಗಿ.'

ನವೆಂಬರ್ 26, ಬುಧವಾರ. ಸಂಜೆ

ಬರೀಬೇಕು.

ಹೆಗ್ಗನಹಳ್ಳಿ. ರಸ್ತೆ ಅಡ್ಡಗಟ್ಟಿ ಶಾಮಿಯಾನ. ಮೂಲೇಲಿ ಹಂಡೆಗಳು. ಮಸಾಲೆ ವಾಸನೆ ಮಾಗಡಿ ರಸ್ತೆಗೇ ಬಂದು ಕರೀತಿತ್ತು. ಮೂಗಿಗೆ ಆಪರೇಷನ್ ಮಾಡಿಲ್ಲವಲ್ಲ, ಅದು ಹಳೇ ಮೂಗೇ. ಕಣ್ಣಲ್ಲಿ ನೀರು ಬಂತು.

ಪಂಕ್ತಿ ಕೂತ್ವಿ. ಮೊದಲನೇ ಎಲೆ ನಂದು. ಎಡಕ್ಕೆ ಯೋಗಾನಂದ ಕೂರಬೇಕು, ಅಷ್ಟರಲ್ಲಿ ಬೀಗರು, 'ಏಯ್ ಹುಡುಗ, ಆ ಕಡೆ ಹೋಗಪ್ಪ. ಇದು ಬೀಗರ ಜೋಡಿ ಎಲೆ' ಅಂತ ತಾವೇ ಕೂತ್ಬಿಟ್ರು. ಯೋಗಾನಂದ ಎಲ್ಲೋ ಕೊನೇಲಿ. ನಾನು ಅವನ ಮುಖ ನೋಡ್ದೆ, ಅವನು ನನ್ನ ಮುಖ ನೋಡ್ದ.

ಬೀಗರು ಕಣ್ಣು ತೆಗೀಲಿಲ್ಲ ನನ್ನ ಎಲೆಯಿಂದ. ಟವಲ್ಲು ಕವರ್ರು ಎಲ್ಲ ತೊಡೆ ಮೇಲೆ ದಂಡಕ್ಕೆ.

ತುತ್ತು ಎತ್ತಿದೆ. ಪಂಕ್ತಿ ಶುರುವಾಯ್ತು. ಕಡಲೆಕಾಳಷ್ಟು ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಅಗಿದೆ. ಮೆಲ್ಲಗೆ, ಬಾಯಿ ಮುಚ್ಕೊಂಡು. ಇನ್ನೊಂದು. ರುಚಿ ಅಂದ್ರೆ... ಬರೆಯಲ್ಲ. ಎದುರು ಸಾಲಲ್ಲಿ ಬೀಗರ ದೊಡ್ಡಪ್ಪ, ಬಾಯಲ್ಲಿ ಒಂದೂ ಹಲ್ಲಿಲ್ಲ, ಕೈ ಎತ್ತಿ ಕೂಗಿದ್ರು:

'ಅಲ್ಲ ಕಣ್ಲಾ ಗಂಗ, ನಿನ್ನ ಬೀಗ ಮುದ್ದೆ ಅಗೀತಾವ್ನಲ್ಲೋ! ಉಲ್ಲಾಳದೋರು ಯಾವಾಗ್ಲಾ ಪ್ಯಾಟೆಯೋರಾಗಿದ್ದು?'

ಸಾಲು ಸಾಲೇ ನಕ್ತು. ಬೀಗರೂ ನಕ್ರು, ಆದ್ರೆ ಅವರ ಮುಖ ಸ್ವಲ್ಪ ಚಿಕ್ಕದಾಯ್ತು. ಊರಿಗೆಲ್ಲ ಹೇಳಿದ್ರಲ್ಲ.

ನನಗೆ ಏನಾಯ್ತೋ. ಅರ್ಧ ಮುದ್ದೆ ಮುರಿದೆ, ನಿಂಬೆಹಣ್ಣಿನಷ್ಟು. ಅದ್ದಿದೆ. ದೊಡ್ಡಪ್ಪನ ಕಣ್ಣಲ್ಲಿ ಕಣ್ಣಿಟ್ಟು ಗಂಟಲಿಗೆ ಬಿಟ್ಟೆ.

ಇಳೀಲಿಲ್ಲ. ಎದೆ ನಡುವೆ ನಿಂತ್ಕೊಂಡ್ತು, ಕಲ್ಲು. ಬಾಯಿ ತುಂಬ ನೊರೆ ನೊರೆ ನೀರು. ಬಿಕ್ಕಳಿಕೆ. ಬೆನ್ನೆಲ್ಲ ಬೆವರು. ಹಿಂದೆ ಹೋಗಿ ವಾಂತಿ ಮಾಡಿದ್ರೆ ಸರಿಹೋಗುತ್ತೆ, ಅದು ಗೊತ್ತು. ಎದ್ರೆ ಪಂಕ್ತಿ ಏಳುತ್ತೆ. ಆಗ ತಾನೇ ಮಾಂಸ ಬಡಿಸ್ತಿದ್ರು, ಕೊನೆ ಎಲೆಗಳಿಗೆ ಸಾರೂ ಬಂದಿರಲಿಲ್ಲ. ಟವಲ್ ಬಾಯಿಗೆ ಒತ್ಕೊಂಡು ಕೂತೆ. ಬೀಗರು ಇನ್ನೊಂದು ಕಡೆ ತಿರುಗಿ, 'ಬೀಗ್ರಿಗೆ ನಲ್ಲಿಮೂಳೆ ಹಾಕ್ರೋ!' ಅಂತ ಕೂಗ್ತಿದ್ರು. ನನ್ನ ಕಣ್ಣು ಕತ್ತಲೆ ಬರ್ತಿತ್ತು.

ಹೊಸ ಸೊಸೆ ಅಂತ ಸ್ಪಂದನ ಕೈಲೂ ಸಾರಿನ ಬಕೆಟ್ ಕೊಟ್ಟಿದ್ರು. ನನ್ನ ಮುಂದೆ ಬಂದ್ಲು. ನನ್ನ ನೋಡಿದ್ಲು. ಬಕೆಟ್ ಕೆಳಗಿಟ್ಲು.

'ಮಾವ, ಅಪ್ಪಂಗೆ ಹೊಟ್ಟೆ ಆಪರೇಷನ್ ಆಗಿದೆ. ಮುದ್ದೆ ಸಿಕ್ಕಾಕೊಂಡಿದೆ. ಅವರು ಹೊರಗೆ ಹೋಗ್ಬೇಕು.'

ಎಲ್ರ ಕೈಯೂ ಎಲೆ ಮೇಲೇ ನಿಂತ್ವು. ಯಾರೋ ಏಳೋಕೆ ಮಂಡಿ ಊರಿದ್ರು.

'ಯಾರೂ ಏಳ್ಬೇಡಿ' ಅಂದ್ಲು. 'ಎಲೆ ಖಾಲಿ ಇರಲ್ಲ.'

ಯೋಗಾನಂದ ಓಡಿಬಂದು ನನ್ನ ಎಬ್ಬಿಸಿದ. ನಾನು ಎದ್ದ ಜಾಗದಲ್ಲಿ ಅವಳು ಕೂತ್ಲು. ಗಂಡಸರ ಪಂಕ್ತಿ, ಮೊದಲನೇ ಎಲೆ, ರೇಷ್ಮೆ ಸೀರೆ, ಅರಿಶಿನದ ಕೈ. ಮಾವನ ಪಕ್ಕದಲ್ಲಿ. ನಾನು ಮುರಿದು ಬಿಟ್ಟಿದ್ದ ಅರ್ಧ ಮುದ್ದೆ ಎತ್ತಿಕೊಂಡ್ಲು, ಅದ್ದಿದ್ಲು, ಬಿಟ್ಲು ಗಂಟಲಿಗೆ. ಹಲ್ಲಿಗೆ ತಾಗಲಿಲ್ಲ. ಇನ್ನೊಂದು. ಇನ್ನೊಂದು.

ನಲ್ಲಿ ಹತ್ರ ಹೋಗಿ ಹಗುರಾಗಿ, ಕಂಬ ಹಿಡ್ಕೊಂಡು ನೋಡ್ತಾ ನಿಂತೆ. ನನ್ನ ಮಗಳು ಇಷ್ಟು ತಿನ್ನೋದು ನಾನು ನೋಡೇ ಇರಲಿಲ್ಲ. ಮನೇಲಿ ಯಾವಾಗ್ಲೂ ನಾನೇ ತಿಂತಿದ್ನಲ್ಲ, ಎಲ್ರೂ ನನ್ನೇ ನೋಡ್ತಿದ್ರು.

ದೊಡ್ಡಪ್ಪ ಮೊದಲು ಬಾಯಿ ಬಿಟ್ರು. 'ಇವಳು ಕಣ್ಲಾ ಉಲ್ಲಾಳದೋಳು. ಹಾಕ್ರೋ ಅವಳಿಗೆ!'

ಬೀಗಿತ್ತಿ ನರಸಮ್ಮನೇ ಬಂದು ಮುದ್ದೆ ಹಾಕಿದ್ರು. ಕೊನೇ ಎಲೆಯೋರು ಬೆರಳು ನೆಕ್ಕೋ ತನಕ ಸ್ಪಂದನ ಏಳ್ಲಿಲ್ಲ. ಆಮೇಲೆ ಎಲೆ ಮಡಚಿದ್ಲು. ಪಂಕ್ತಿ ಎದ್ತು.

ನವೆಂಬರ್ 27

ನಿನ್ನೆ ಒಂದು ಬರೆಯೋದು ಬಿಟ್ಟೋಯ್ತು. ಎಲೆಅಡಿಕೆ ಹಾಕ್ಕೊಳ್ಳೋವಾಗ ಬೀಗರು ಪಕ್ಕಕ್ಕೆ ಕರೆದ್ರು. ಬೈತಾರೆ ಅಂದ್ಕೊಂಡೆ.

'ಹಂಗಾದ್ರೆ ಆ ವಾಕಿಂಗು?'

'ಸುಳ್ಳು ಬೀಗ್ರೆ.'

'ಬರೀ ಸುಳ್ಳಾ, ಸ್ವಲ್ಪ ಸುಳ್ಳಾ?'

'ಬರೀ.'

'ಅಯ್ಯೋ ನಿಮ್ಮ! ಮಳೆಗಾಲದಲ್ಲಿ ಛತ್ರಿ ಹಿಡ್ಕೊಂಡು ನಡೆದಿದೀನಲ್ರೀ! ನಾಯಿಗಳೆಲ್ಲ ಪರಿಚಯ ಆಗೋಗವೆ!' ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ಆಮೇಲೆ ಕಣ್ಣೊರೆಸ್ಕೊಂಡು ಗಂಭೀರ ಆದ್ರು. 'ನಮಗೆ ಒಂದು ಮಾತು ಹೇಳ್ಬೇಕಿತ್ತು. ಹೆಣ್ಣು ಕೊಟ್ಟ ಮೇಲೂ ಹೊರಗಿನೋರಾ ನಾವು?'

ನನ್ನ ಪಾಲಿನ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಅವರ ಕೈಗೆ ಕೊಟ್ಟೆ.

ಡಿಸೆಂಬರ್ 7, ಭಾನುವಾರ

ಬೀಗರ ಫೋನು. ಸುತ್ತಿ ಬಳಸಿ ಹವಾಮಾನ ಎಲ್ಲ ಆದ್ಮೇಲೆ, 'ನೀವು ಹೇಳಿದ ಆ ಟೈಲರ್ ಡಾಕ್ಟ್ರು ಎಲ್ಲಿ ಸಿಗ್ತಾರೆ?' ಅಂದ್ರು. ಶುಗರ್ರು ಜಾಸ್ತಿ, ಕಾಲು ಜೋಮು. ಕರ್ಕೊಂಡು ಹೋಗ್ತೀನಿ ಅಂದೆ.

'ನಿಜ ಹೇಳಿ ಬೀಗ್ರೆ. ಮಾಡ್ಸಿಕೊಂಡಿದ್ದು ಒಳ್ಳೇದಾಯ್ತಾ?'

'ಫಸ್ಟ್ ಕ್ಲಾಸ್' ಅಂದೆ. ಬಾಯಿ ಅದರ ಪಾಡಿಗೆ ಅದು ಅಂತು.

ಫೋನಿಟ್ಟು ಕೂತೆ. ಒಳ್ಳೇದಾಯ್ತು. ಹೌದು. ಮಾತ್ರೆ ಅರ್ಧ ನಿಂತಿದೆ, ಮೆಟ್ಟಿಲು ಹತ್ತಿದ್ರೆ ಏದುಸಿರಿಲ್ಲ, ಮಗಳಿಗೆ ಧಾರೆ ಎರೆದೆ. ಆದ್ರೆ ಒಂದು ಕೊರಗು ಇದೆ, ಡಾಕ್ಟ್ರಿಗೆ ಹೇಳಿದ್ರೆ ನಗ್ತಾರೆ. ನನ್ನ ಕೊನೇ ಹೊಟ್ಟೆತುಂಬ ಊಟ ಯಾವುದು ಅಂತ ನನಗೆ ಜ್ಞಾಪಕ ಇಲ್ಲ. ಆಪರೇಷನ್ನಿಗೆ ಮುಂಚೆ ಎರಡು ವಾರ ಬರೀ ನೀರು, ಗಂಜಿತಿಳಿ. ಅದಕ್ಕೆ ಹಿಂದಿನ ದಿನ ಏನೋ ತಿಂದಿರ್ತೀನಿ. ಟಿವಿ ನೋಡ್ಕೊಂಡೋ, ಫೋನಲ್ಲಿ ಜಂಬ ಕೊಚ್ಕೊಂಡೋ. ಇದೇ ಕೊನೇದು ಕಣೋ ಕೆಂಚಪ್ಪ, ನೋಡ್ಕೊಂಡು ತಿನ್ನು ಅಂತ ಯಾರೂ ಹೇಳ್ಲಿಲ್ಲ. ಇವಳನ್ನ ಕೇಳ್ದೆ. ಅವಳಿಗೂ ಗೊತ್ತಿಲ್ಲ. ಅನ್ನ ಸಾರಿರ್ಬೇಕು ಅಂದ್ಲು. ಆಮೇಲೆ ಸೆರಗು ಹಿಡ್ಕೊಂಡು ಹಿತ್ತಲಿಗೆ ಹೋದ್ಲು.

ಜನವರಿ 28, ಬುಧವಾರ. ಮಧ್ಯಾಹ್ನ

ಬೀಗರಿಗೆ ಡಾಕ್ಟ್ರು ಓಕೆ ಅಂದವ್ರೆ. ನಾಳೆಯಿಂದ ಅವರಿಗೆ ಗಂಜಿತಿಳಿ.

ಅದಕ್ಕೇ ಇವತ್ತು ನಮ್ಮನೇಲಿ ಊಟ. ನಾನೇ ಕರೆದೆ. ಯಾಕೆ ಅಂತ ಹೇಳ್ಲಿಲ್ಲ. ಇವಳು ಬೆಳಿಗ್ಗೆಯಿಂದ ಅಡುಗೆಮನೆಯಿಂದ ಈಚೆ ಬಂದಿಲ್ಲ. ಅವರೆಕಾಳು ಹಿತುಕಿ, ಕೊತ್ತಂಬರಿ ಹುರಿದು, ತಲೆ ತುಂಬ ಹೊಗೆ. ಮದುವೆಯಾದ ಹೊಸದರಿಂದ್ಲೂ ಹಾಡ್ತಿದ್ದ ಸೋಬಾನೆ ಪದ ಗುನುಗ್ತಿದಾಳೆ. ಎಷ್ಟು ತಿಂಗಳಾಯ್ತು ಕೇಳಿ. ನನ್ನ ಹೊಟ್ಟೆ ಜೊತೆ ಅದನ್ನೂ ಕುಯ್ದು ತೆಗೆದಿದ್ರು ಅಂದ್ಕೊಂಡಿದ್ದೆ.

'ನೀವೇನ್ ಮಾಡ್ತೀರ, ಸುಮ್ಮನೆ ನೋಡ್ತಾ ಕೂರ್ತೀರ?' ಅಂದ್ಲು.

'ಬಡಿಸ್ತೀನಿ.'

'ನೀವಾ? ಸೌಟು ಯಾವ ಕಡೆ ಹಿಡೀಬೇಕು ಗೊತ್ತಾ?'

ಗೊತ್ತಿಲ್ಲ. ಆದ್ರೆ ಬಡಿಸಿಕೊಂಡ ಅನುಭವ ನನಗಿರೋಷ್ಟು ಈ ಕಡೆ ಯಾರಿಗಿದೆ? ಸಾರು ಎಲ್ಲಿ ಬಿಡ್ಬೇಕು, ಯಾವಾಗ ಎರಡನೇ ಮುದ್ದೆ ಹಾಕ್ಬೇಕು, ಸಾಕು ಅಂದ್ರೆ ಯಾವ ಸಾಕು ಸುಳ್ಳು, ಯಾವ ಸಾಕು ನಿಜ, ಎಲ್ಲ ಬಲ್ಲೆ. ಬೀಗರಿಗೆ ಮೊದಲೇ ಹೇಳ್ಬಿಡ್ತೀನಿ: ಫೋನ್ ಪಕ್ಕಕ್ಕಿಡಿ, ಮಾತಾಡ್ಬೇಡಿ, ಎಲೆ ನೋಡ್ಕೊಂಡು ತಿನ್ನಿ. ನಾನೂ ನೋಡ್ತೀನಿ. ಒಂದೊಂದು ತುತ್ತೂ ಜ್ಞಾಪಕ ಇಟ್ಕೋತೀನಿ, ನಿಮ್ಮ ಪರವಾಗಿ.

ಗೇಟು ಸದ್ದು. ಬಂದ್ರು. ಇವಳು ಹಿಟ್ಟು ತಿರುವ್ತಿದಾಳೆ, ಕೈ ಬಿಡೋ ಹಾಗಿಲ್ಲ, ಬಾಗಿಲು ತೆಗೀರಿ ಅಂತ ಕೂಗ್ತಿದಾಳೆ. ಪಂಚೆ ಎತ್ತಿ ಕಟ್ಟಿದೀನಿ, ಹೆಗಲ ಮೇಲೆ ಟವಲ್ಲು. ಮೊದಲನೇ ಮುದ್ದೆ ಹಾಕಿ, ಮಧ್ಯೆ ಗುಳಿ ಮಾಡಿ, ಅದಕ್ಕೆ ತುಪ್ಪ ಬಿಡ್ಬೇಕು. ಬಂದೆ ಕಣೇ, ಬಂದೆ.